ಸುಮ್ಮನೆ ಕುಳಿತವರ ಪಾಳಿ

ರೊಟ್ಟಿ ಬಡಿಯುವ ಸದ್ದು ನಿಂತಿತು.

ನೀಲಗಂಗಾ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಳು. ಅತ್ತೆ ಗುರುಸಿದ್ಧವ್ವನ ಅಂಗೈ ಜೋಳದ ಹಿಟ್ಟಿನ ಮೇಲೆ ಬೀಳುವ ಲಯ ಇಪ್ಪತ್ತು ವರ್ಷಗಳಿಂದ ಅವಳ ಕಿವಿಗೆ ಪರಿಚಿತ. ಗಡಿಯಾರ ತಪ್ಪಬಹುದು, ಆ ಕೈ ತಪ್ಪುತ್ತಿರಲಿಲ್ಲ. ಆ ಲಯದ ನಡುವೆ ಈಗ ಒಂದು ತೂತು ಬಿದ್ದಿತ್ತು, ಎರಡು ಉಸಿರಿನಷ್ಟು ಉದ್ದದ್ದು. ಆಮೇಲೆ ಪಟಪಟ ಸದ್ದು ಏನೂ ಆಗಿಲ್ಲವೆಂಬಂತೆ ಮತ್ತೆ ಶುರುವಾಯಿತು.

ಒದ್ದೆ ಕೈಯಲ್ಲೇ ಒಳಗೆ ಬಂದು ನೋಡಿದರೆ ಹಂಚಿನ ಮೇಲಿನ ರೊಟ್ಟಿಯ ಅಂಚು ಕಪ್ಪಾಗಿ ಹೊಗೆಯಾಡುತ್ತಿತ್ತು. ಅತ್ತೆ ಅದರ ಮುಂದೆಯೇ ಕುಳಿತಿದ್ದಳು.

"ಅತ್ತೀ, ರೊಟ್ಟಿ ಹೊತ್ತಾಕತ್ತೈತಿ."

ಗುರುಸಿದ್ಧವ್ವ ಹಂಚಿನತ್ತ ತಿರುಗಿ, ಬೇರೆ ಯಾರೋ ತಂದು ಹಾಕಿದ ರೊಟ್ಟಿಯನ್ನು ನೋಡುವಂತೆ ನೋಡಿದಳು. "ಈಗರ ಹಾಕೀನಿ, ಇನ್ನ ನೀರ ಸುದ್ದಾ ಸವರಿಲ್ಲ," ಎಂದಳು. ಆಮೇಲೆ ತನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿಕೊಂಡು ನೋಡಿದಳು.

ಆ ತಿಂಗಳಲ್ಲಿ ಹೀಗೆ ಹಲವು ಸಲ ಆಯಿತು. ಹಾಲು ಕಣ್ಣೆದುರಿಗೇ ಉಕ್ಕಿ ಹೋಯಿತು. ಸೂಜಿಗೆ ದಾರ ಪೋಣಿಸಲು ಕುಳಿತವಳ ಕೈ ಸೂಜಿಯ ಹತ್ತಿರ ಹೋಗಿ ಅಲ್ಲೇ ನಿಂತಿತು. ಪರೀಕ್ಷೆ ಮಾಡಿದ ಡಾಕ್ಟರು ಇದು ಮರೆವಿನ ರೋಗದ ಮೊದಲ ಮೆಟ್ಟಿಲು ಇರಬಹುದು, ಕೆಲಸ ಹಚ್ಚಬೇಡಿ, ಸುಮ್ಮನೆ ಕೂಡಿಸಿ, ಕಿವಿಯ ಹಿಂದೆ ಅಂಟಿಸಿದ ಪಟ್ಟಿಯನ್ನು ಮಾತ್ರ ತೆಗೆಯಬೇಡಿ, ಅದು ಆಕೆಯನ್ನು ಕಾಯುತ್ತದೆ ಎಂದರು. ಫ್ಯಾನುಗಳ ದುರಸ್ತಿಗೆಂದು ಗುಡ್ಡದ ಮೇಲೆ ವಾರಗಟ್ಟಲೆ ಇರುತ್ತಿದ್ದ ನೀಲಗಂಗಾಳ ಗಂಡ ಬಸವಂತ ಊರಿಗೆ ಬಂದವನೇ ತಾಯಿಯ ಕೈಯಿಂದ ಬೆಂಕಿಪೆಟ್ಟಿಗೆ ಇಸಿದುಕೊಂಡ. ಗುರುಸಿದ್ಧವ್ವ ಐವತ್ತು ವರ್ಷ ತಾನು ಕುಳಿತ ಒಲೆಯ ಮುಂದಿನಿಂದ ಎದ್ದು ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಳು.

ಗಾಳಿಯಿಂದ ವಿದ್ಯುತ್ತು ತೆಗೆಯುವ ಆ ದೊಡ್ಡ ಗಿರಕಿಗಳನ್ನು ಗದಗದ ಜನ ಫ್ಯಾನು ಎಂದೇ ಕರೆಯುತ್ತಿದ್ದರು. ಅವುಗಳ ನೆರಳು ಬೀಳುವ ಬಯಲಿನಲ್ಲಿ ಒಂದು ಉದ್ದನೆಯ ಬಿಳಿ ಕಟ್ಟಡ. ನೀಲಗಂಗಾ ಅಲ್ಲಿ ಪಾಳಿಗಾರನನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಳು.

ಪಾಳಿಗಾರ ಮನುಷ್ಯನಲ್ಲ, ಒಂದು ಪ್ರೋಗ್ರಾಮು. ಗುರುಸಿದ್ಧವ್ವ ಅದನ್ನು ಪಾಳೇಗಾರ ಎಂದೇ ಕರೆಯುತ್ತಿದ್ದಳು. ತಿದ್ದಿದರೆ, ಎರಡೂ ಒಂದೇ ಬಿಡು, ಕೊಡೂದು ಕಸಗೊಳ್ಳೂದು ಅವನ ಕೈಯಾಗ ಐತಿ ಅಲ್ಲೇನು ಎನ್ನುತ್ತಿದ್ದಳು.

ಒಂದು ವರ್ಷದ ಹಿಂದೆ ಅದು ಏನೆಂದು ಸೊಸೆ ಅತ್ತೆಗೆ ವಿವರಿಸಬೇಕಾಗಿ ಬಂದದ್ದು ಮಗಳು ಮುಕ್ತಾಳ ದೆಸೆಯಿಂದ. ಮುಕ್ತಾಗೆ ಆಗ ಹದಿನಾರು. ಹಳೆಯ ಬಿಡಿಭಾಗಗಳನ್ನು ಜೋಡಿಸಿ ತಾನೇ ಒಂದು ಕಂಪ್ಯೂಟರು ಮಾಡಿಕೊಂಡು, ಅದರಲ್ಲಿ ಲಿನಕ್ಸ್ ಹಾಕಿ, 'ಗವಿ' ಎಂಬ ಆಟ ಆಡುತ್ತಿದ್ದಳು. ಐದು ಜನರ ತಂಡ. ಕತ್ತಲ ಗವಿಯಲ್ಲಿ ಬಂಡೆಯಿಂದ ಬಂಡೆಗೆ ಜಿಗಿಯುತ್ತ, ಬೆನ್ನಟ್ಟಿ ಬರುವವರಿಂದ ತಪ್ಪಿಸಿಕೊಳ್ಳಬೇಕು. ಮುಕ್ತಾ ಜಿಗಿಯುವುದರಲ್ಲಿ ಜಿಲ್ಲೆಗೇ ಹೆಸರಾಗಿದ್ದಳು. ಆದರೂ ಸೋಲುತ್ತಿದ್ದಳು.

"ಅವ್ವಾ, ನಾ ಜಿಗಿಯೂ ಮುಂದ ಮಾತ್ರ ಚಿತ್ರ ತೊದಲತೈತಿ," ಎಂದು ಒಂದು ದಿನ ಅಳುಮುಖ ಮಾಡಿಕೊಂಡು ಬಂದಿದ್ದಳು. "ಬ್ಯಾರೆ ಹೊತ್ತಿನ್ಯಾಗ ಬೆಣ್ಣಿ ಹಂಗ ಓಡತೈತಿ. ಸರಾಸರಿ ನೋಡಿದ್ರ ಸೆಕೆಂಡಿಗೆ ಎಪ್ಪತ್ತು ಚಿತ್ರ ಐತಿ."

ಸರಾಸರಿ ನಂಬಬೇಡ ಎಂದಳು ನೀಲಗಂಗಾ. ಹದಿನೈದು ದಿನಕ್ಕೊಮ್ಮೆ ನಳ ಬಂದು ಅರವತ್ತು ಕೊಡ ತುಂಬಿಕೊಂಡರೆ ಸರಾಸರಿ ದಿನಕ್ಕೆ ನಾಲ್ಕು ಕೊಡ. ಲೆಕ್ಕಕ್ಕೆ ಚೆಂದ, ಹದಿನಾಲ್ಕನೆಯ ದಿನದ ಬಾಯಾರಿಕೆ ಆ ಲೆಕ್ಕದಲ್ಲಿ ಕಾಣುವುದಿಲ್ಲ. ಕಂಪ್ಯೂಟರಿನ ಪ್ರೊಸೆಸರೂ ಒಂದು ನಳ. ಆಟವೊಂದೇ ಅಲ್ಲ, ನೂರಾರು ಸಣ್ಣಪುಟ್ಟ ಕೆಲಸಗಳು ಕೊಡ ಹಿಡಿದು ಅದರ ಮುಂದೆ ನಿಂತಿರುತ್ತವೆ: ಗಡಿಯಾರ ತಿದ್ದುವುದು, ಹೊಸ ಆವೃತ್ತಿ ಇಳಿಸುವುದು, ಕಡತ ಹುಡುಕುವುದು. ಯಾರ ಪಾಳಿ ಎಂದು ಹೇಳುವ ಹಿರಿಯಳೊಬ್ಬಳು ಲಿನಕ್ಸಿನೊಳಗೆ ಕುಳಿತಿರುತ್ತಾಳೆ. ಅವಳು ನ್ಯಾಯವಂತೆ, ಎಲ್ಲರಿಗೂ ಸಮಸಮ ಹಂಚುತ್ತಾಳೆ. ಆದರೆ ಆಟ ತರುವುದು ಕೊಡವನ್ನಲ್ಲ, ಸಣ್ಣ ಲೋಟ; ಸೆಕೆಂಡಿಗೆ ಅರವತ್ತು ಸಲ ಬಂದು ಚಾಚುತ್ತದೆ. ಒಂದು ಸಲ ತಡವಾದರೂ ಒಂದು ಚಿತ್ರ ಬಿದ್ದುಹೋಗುತ್ತದೆ. ಅದಕ್ಕೆ ನ್ಯಾಯವೊಂದೇ ಸಾಲದು, ಹೊತ್ತಿಗೆ ಸರಿಯಾಗಿ ಸಿಗಬೇಕು.

ಅತ್ತೆ ಶೇಂಗಾ ಸುಲಿಯುತ್ತ ಕೇಳಿಸಿಕೊಳ್ಳುತ್ತಿದ್ದಳು. ಅವಸರ ಇದ್ದವರನ್ನು ಮುಂದೆ ಬಿಡುವ ಪದ್ಧತಿ ಇಲ್ಲವೇ ಎಂದು ಕೇಳಿದಳು. ಇದೆ ಎಂದಳು ನೀಲಗಂಗಾ. ಪ್ರತಿ ಕೆಲಸಕ್ಕೂ ಒಳ್ಳೆಯತನದ ಒಂದು ಅಂಕಿ ಇರುತ್ತದೆ, ನೈಸ್ ಎನ್ನುತ್ತಾರೆ. ಸೊನ್ನೆಗಿಂತ ಕೆಳಗೆ ಇಪ್ಪತ್ತರವರೆಗೆ ಹೋದವರು ಜಬರದಸ್ತಿನವರು, ನುಗ್ಗಿ ಹಿಡಿಯುತ್ತಾರೆ. ಮೇಲೆ ಹೋದಷ್ಟೂ ಒಳ್ಳೆಯವರು, ಬೇರೆಯವರಿಗೆ ಬಿಟ್ಟುಕೊಡುತ್ತಾರೆ. ಎಲ್ಲರಿಗಿಂತ ಒಳ್ಳೆಯವರದು ಹತ್ತೊಂಬತ್ತು.

"ಆ ಹತ್ತೊಂಬತ್ತರವರು ಯಾವಾಗ ತುಂಬಕೋತಾರ?"

"ಎಲ್ಲಾರದೂ ಮುಗಿದ ಮ್ಯಾಲೆ, ಉಳಿದ್ರ."

"ಹಂಗಾರ ಅವರು ಹೆಣ್ಣಮಕ್ಕಳ ಇರಬೇಕ ತಗೋ," ಎಂದು ಗುರುಸಿದ್ಧವ್ವ ನಕ್ಕಳು. ಮುಕ್ತಾಳೂ ಅಳು ಮರೆತು ನಕ್ಕಳು.

ಮರುದಿನವೇ ನೀಲಗಂಗಾ ಮಗಳ ಕಂಪ್ಯೂಟರಿನಲ್ಲಿ ಹಳೆಯ ಹಿರಿಯಳನ್ನು ಎಬ್ಬಿಸಿ ಪಾಳಿಗಾರನನ್ನು ಕೂಡಿಸಿದಳು. ಲಿನಕ್ಸಿನಲ್ಲಿ ಅದು ಸುಲಭ, ಯಂತ್ರವನ್ನು ಆರಿಸುವುದೂ ಬೇಕಿಲ್ಲ. ಪಾಳಿಗಾರ ಒಂದು ನಳವನ್ನಷ್ಟೇ ಕಾಯುವವನಲ್ಲ. ಒಂದು ಕಂಪ್ಯೂಟರಿನಲ್ಲಿ ನೀರು ಸಾಲದಿದ್ದರೆ ಊರಿನ ಬೇರೆ ಬಾವಿಗಳಿಂದ ಸೇದಿ ತರುತ್ತಿದ್ದ. ಆ ಬಾವಿಗಳು ಜನರ ತಲೆಗಳು.

ಆ ಕಾಲಕ್ಕೆ ಪಟ್ಟಿ ಇಲ್ಲದ ಕಿವಿ ಅಪರೂಪವಾಗಿತ್ತು. ಕಿವಿಯ ಹಿಂದೆ ಅಂಟಿಸಿಕೊಳ್ಳುವ ಹುಣಸೆಬೀಜದಷ್ಟು ದೊಡ್ಡದೊಂದು ವಸ್ತು. ರಕ್ತದೊತ್ತಡ ನೋಡುತ್ತಿತ್ತು, ಬಿದ್ದರೆ ಮನೆಯವರನ್ನು ಕರೆಯುತ್ತಿತ್ತು. ಅದಕ್ಕೆ ಪ್ರತಿಯಾಗಿ, ಮನಸ್ಸು ಖಾಲಿ ಇರುವಾಗ ಅದರ ಒಂದು ಚೂರನ್ನು ಕಡ ತೆಗೆದುಕೊಂಡು ತಕ್ಷಣ ಮರಳಿಸುತ್ತಿತ್ತು. ಯಂತ್ರ ಎಷ್ಟು ವೇಗವಾಗಿ ಕೂಡಿ ಕಳೆದರೂ ಮುಂದೇನಾಗುತ್ತದೆ ಎಂದು ಊಹಿಸುವುದರಲ್ಲಿ ದಡ್ಡ. ಮನುಷ್ಯನ ಮಿದುಳು ಹಾಗಲ್ಲ. ಲೋಟ ಜಾರುವ ಮೊದಲೇ ಕೈ ಹೋಗಿರುತ್ತದೆ. ಆಟಗಳಿಗೆ ಬೇಕಾದದ್ದು ಅದೇ: ಮುಂದಿನ ಚಿತ್ರ ಯಾವುದಿರಬಹುದು ಎಂಬ ಊಹೆ. ಕೊಟ್ಟವರಿಗೆ ಕೊಟ್ಟದ್ದು ತಿಳಿಯುವುದೂ ಇಲ್ಲ ಎಂದು ಪಟ್ಟಿ ಕೊಡುವಾಗ ಹೇಳಿದ್ದರು.

ಮುಕ್ತಾಳ ಆಟ ಅಂದಿನಿಂದ ತೊದಲಲಿಲ್ಲ. ನೀಲಗಂಗಾಳ ಕೊರಳಿಗೆ ಜೋತುಬಿದ್ದು, ನನ್ನವ್ವನಂಥ ಅವ್ವ ಯಾರಿಗೂ ಇಲ್ಲ ಎಂದಳು. ಆ ತೊದಲು ಎಲ್ಲಿಗೆ ಹೋಯಿತು ಎಂದು ನೀಲಗಂಗಾ ಅಂದು ಕೇಳಿಕೊಳ್ಳಲಿಲ್ಲ. ಕೇಳಿಕೊಳ್ಳಬೇಕಾದದ್ದು ಅವಳೇ.

ಬಿಳಿ ಕಟ್ಟಡದ ನಿಯಂತ್ರಣ ಕೋಣೆಯಲ್ಲಿ ಗೋಡೆಯಗಲದ ಪರದೆ. ಒಂದೊಂದು ಪಟ್ಟಿಗೂ ಒಂದೊಂದು ಚುಕ್ಕೆ. ಕೆಲಸದಲ್ಲಿರುವ ಮನಸ್ಸು ಹಸಿರು, ಖಾಲಿ ಇರುವುದು ಬಿಳಿ. ಪಾಳಿಗಾರ ಬಿಳಿಯದನ್ನು ಮಾತ್ರ ಮುಟ್ಟಬೇಕು. ಲಕ್ಷಾಂತರ ಬಿಳಿ ಚುಕ್ಕೆಗಳ ಮುಂದೆ ಕುಳಿತರೆ ಹತ್ತಿ ಬಿಡಿಸುವ ಹೊಲದ ಅಂಚಿನಲ್ಲಿ ಕುಳಿತಂತೆ ಎನ್ನುತ್ತಿದ್ದರು ಇಮಾಮಸಾಬ ನದಾಫ. ಅಲ್ಲಿನ ಹಿರಿಯ ಎಂಜಿನಿಯರು ಅವರು. ನೀಲಗಂಗಾಳನ್ನು ತಂಗಿ ಎಂದೇ ಕರೆಯುತ್ತಿದ್ದರು. ಆ ಕೋಣೆಯವರು ಮಾತ್ರ ಪಟ್ಟಿ ತೊಡುವಂತಿರಲಿಲ್ಲ. ಹಂಚುವವರು ಹಂಚಿಕೆಯಲ್ಲಿ ಇರಬಾರದು ಎಂಬುದು ನಿಯಮ.

ಆ ವರ್ಷ ಬಿಳಿ ಚುಕ್ಕೆಗಳು ಎಣಿಸಿದ್ದಕ್ಕಿಂತ ಮೂರು ಪಟ್ಟು ಹೆಚ್ಚು ಸಿಕ್ಕಿದ್ದವು. ಉಳಿದ ಊರುಗಳವರು ಬಂದು ಇಷ್ಟು ಖಾಲಿ ಮನಸ್ಸುಗಳು ನಿಮಗೆ ಎಲ್ಲಿಂದ ಸಿಕ್ಕವು ಎಂದು ಕೇಳಿ, ಅಚ್ಚರಿಪಟ್ಟು ಹೋಗಿದ್ದರು. ನೀಲಗಂಗಾಳಿಗೆ ಒಳಗೊಳಗೆ ಹೆಮ್ಮೆಯಿತ್ತು. ಖಾಲಿ ಎಂಬುದನ್ನು ಪಾಳಿಗಾರನಿಗೆ ಕನ್ನಡದಲ್ಲಿ ಕಲಿಸಿದವಳು ಅವಳು. ಆ ಕಲಿಕೆಗೆಂದು ಆರು ನೂರು ಮನೆಗಳಲ್ಲಿ ಪಟ್ಟಿ ಆಗಾಗ ಕಿವಿಯಲ್ಲಿ ಮೆಲ್ಲಗೆ ಕೇಳುತ್ತಿತ್ತು, ಈಗ ಏನು ಮಾಡುತ್ತಿದ್ದೀರಿ ಎಂದು. 'ಸುಮ್ನ ಕುಂತೇನಿ' ಎಂದು ಉತ್ತರ ಬಂದರೆ ಆ ಗಳಿಗೆಯ ಮಿದುಳಿನ ಅಲೆಯನ್ನು ಖಾಲಿ ಎಂದು ಬರೆದುಕೊಳ್ಳಬೇಕು. ಸುಮ್ಮನೆ: ಅದಕ್ಕಿಂತ ಒಳ್ಳೆಯ ಪದ ಇನ್ನೊಂದು ಸಿಗಲಾರದು ಎಂದು ಅವಳೇ ಹೇಳಿದ್ದಳು. ಎಲ್ಲರೂ ಒಪ್ಪಿದ್ದರು.

ಮನೆಯಲ್ಲಿ ಗುರುಸಿದ್ಧವ್ವ ಕಂಬಕ್ಕೆ ಒರಗಿ ಸುಮ್ಮನೆ ಕೂಡತೊಡಗಿದ ಮೇಲೆ ರೋಗ ಕಡಿಮೆಯಾಗಲಿಲ್ಲ, ಏರಿತು. ಎರಡು ಉಸಿರಿನ ತೂತುಗಳು ಹತ್ತು ಉಸಿರಿನವಾದವು. ಊಟದ ನಡುವೆ ಕೈ ಬಾಯಿಯ ಹತ್ತಿರ ನಿಲ್ಲುತ್ತಿತ್ತು. ನೀಲಗಂಗಾ ಅತ್ತೀ ಅತ್ತೀ ಎಂದು ಕರೆದರೂ ಕಣ್ಣು ಹೊರಳುತ್ತಿರಲಿಲ್ಲ. ಆಮೇಲೆ ಎಚ್ಚೆತ್ತು, ತುತ್ತು ಇನ್ನೂ ಬಿಸಿ ಇದೆ ಎಂದುಕೊಂಡು ಊದುತ್ತಿದ್ದಳು. ಅದು ಆರಿ ಎಷ್ಟೋ ಹೊತ್ತಾಗಿರುತ್ತಿತ್ತು.

ಒಂದು ಸಂಜೆ ಸೊಸೆಯನ್ನು ಹತ್ತಿರ ಕರೆದು, ಮೆಲ್ಲನೆ ಹೇಳಿದಳು: "ನೀಲಾ, ನಾ ಹುಚ್ಚಿ ಆಗೂಕಿಂತ ಮೊದಲ ನನ್ನ ಎಲ್ಲಿಗರ ಕಳಸಿಬಿಡ್ರಿ. ಮುಕ್ತಾನ ಮುಂದ ಹಂಗ ಆಗೂದ ಬ್ಯಾಡ."

ನೀಲಗಂಗಾ ಅತ್ತೆಯ ಕಾಲ ಬಳಿ ಕುಳಿತು ಎಲ್ಲಿಗೂ ಕಳಿಸುವುದಿಲ್ಲ ಎಂದಳು. ಬಸವಂತ ಮಾತ್ರ ಹುಬ್ಬಳ್ಳಿಯಲ್ಲಿ ಅಂಥವರನ್ನು ನೋಡಿಕೊಳ್ಳುವ ಒಂದು ಮನೆಯ ವಿಳಾಸವನ್ನು ಆಗಲೇ ಬರೆದು ಇಟ್ಟುಕೊಂಡಿದ್ದ. ಮುಂದಿನ ಸೋಮವಾರ ಕರೆದುಕೊಂಡು ಹೋಗಿ ತೋರಿಸುವುದು ಎಂದಾಗಿತ್ತು.

ಅದಕ್ಕೂ ಎಂಟು ದಿನ ಮೊದಲು, ಭಾನುವಾರ ಮುಂಜಾನೆ ನಳ ಬಂತು. ಹದಿನಾಲ್ಕು ದಿನಗಳ ಮೇಲೆ ಬಂದ ನೀರು. ಓಣಿಯ ಹೆಂಗಸರೆಲ್ಲ ಕೊಡ, ಬಕೆಟ್ಟು, ಡಬ್ಬಿ ಹಿಡಿದು ಸಾಲು ನಿಂತಿದ್ದರು. ಮನೆಯಲ್ಲಿ ಮುಕ್ತಾ ಆಡುತ್ತಿದ್ದಳು. ಜಿಲ್ಲೆಯ ಆಯ್ಕೆಯ ಪಂದ್ಯ ಅಂದು. ಗದಗದ ಇಪ್ಪತ್ತೆಂಟು ತಂಡಗಳು ಏಕಕಾಲಕ್ಕೆ ಗವಿಗೆ ಇಳಿದಿದ್ದವು.

ನೀಲಗಂಗಾ ಸಾಲಿನಲ್ಲಿ ಹನ್ನೆರಡನೆಯವಳು. ಮುಂದಿನವಳು ಹಿಂದಿನವಳಿಗೆ ಏನೋ ಚುಚ್ಚಿ ಮಾತಾಡುತ್ತಿದ್ದಳು, ಹಿಂದಿನವಳು ಅದಕ್ಕೆ ಎರಡು ಸೇರಿಸಿ ಕೊಡುತ್ತಿದ್ದಳು, ಎಲ್ಲರೂ ನಗುತ್ತಿದ್ದರು. ನಡುವೆಯೇ ನಗು ನಿಂತುಹೋಯಿತು.

ಮಾತು ಮುಗಿದಾಗ ಆಗುವ ನಿಲುಗಡೆಯಲ್ಲ ಅದು. ಬಾಯಿಗಳು ತೆರೆದೇ ಇದ್ದವು. ಒಬ್ಬಳ ಕೈ ಸೆರಗಿನ ಮೇಲೆ, ಇನ್ನೊಬ್ಬಳ ಕೊಡ ನೆಲಕ್ಕೆ ಒಂದು ಗೇಣು ಮೇಲೆ. ನಲವತ್ತು ಹೆಂಗಸರು ನಿಂತಲ್ಲೇ ನಿಂತಿದ್ದರು. ನಳದ ನೀರು ಕೊಡ ತುಂಬಿ, ಉಕ್ಕಿ, ಚರಂಡಿಗೆ ಹರಿಯುತ್ತಿತ್ತು; ಗದಗದ ಓಣಿಯಲ್ಲಿ ನೀರು ಚೆಲ್ಲಿ ಹೋಗುತ್ತಿದ್ದರೂ ಯಾರೂ ಕೂಗಲಿಲ್ಲ. ಒಬ್ಬಳ ಕಂಕುಳಲ್ಲಿ ಕೂಸಿತ್ತು. ಅದಕ್ಕೆ ಪಟ್ಟಿ ಇರಲಿಲ್ಲ. ಅದು ತಲೆ ಎತ್ತಿ ತಾಯಿಯ ಮುಖ ನೋಡುತ್ತಿತ್ತು. ಅಳಲಿಲ್ಲ, ಬರೀ ನೋಡುತ್ತಿತ್ತು. ಒಂದು ಕೈ ಎತ್ತಿ ಅವಳ ತೆರೆದ ಬಾಯಿಯೊಳಗೆ ಬೆರಳಿಟ್ಟಿತು.

ಇಡೀ ಓಣಿಯಲ್ಲಿ ಅಲುಗಾಡುತ್ತಿದ್ದವರು ಆ ಕೂಸು ಮತ್ತು ನೀಲಗಂಗಾ, ಇಬ್ಬರೇ.

ಆಮೇಲೆ ನಗು ನಿಂತಲ್ಲಿಂದಲೇ ಮುಂದುವರಿಯಿತು. ಮರುಗಳಿಗೆಗೆ ನೀರು ಚೆಲ್ಲಿದ್ದು ಕಂಡು ಜಗಳ ಶುರುವಾಯಿತು, ಯಾರವ್ವಾ ಹಿಂಗ ಕಣ್ಣ ಮುಚಗೊಂಡ ತುಂಬಾಕಿ ಎಂದು. ಮನೆಯ ಕಿಟಕಿಯಿಂದ ಮುಕ್ತಾಳ ಕೇಕೆ ಕೇಳಿಸಿತು. ಅವಳ ತಂಡ ಗವಿ ದಾಟಿತ್ತು.

ನೀಲಗಂಗಾ ಖಾಲಿ ಕೊಡ ಹಿಡಿದುಕೊಂಡೇ ಮನೆಗೆ ಬಂದಳು. ಕಣ್ಣಲ್ಲಿ ಕಂಡದ್ದನ್ನು ಲೆಕ್ಕದಲ್ಲಿ ಹಿಡಿಯುವವರೆಗೆ ಯಾರಿಗೂ ಹೇಳುವಂತಿರಲಿಲ್ಲ. ಆ ವಾರ ಬಸವಂತ ಗುಡ್ಡಕ್ಕೆ ಹೋದ ಮೇಲೆ ಅತ್ತೆಯನ್ನು ಮತ್ತೆ ಒಲೆಯ ಮುಂದೆ ಕೂಡಿಸಿ, ರೊಟ್ಟಿ ಬಡಿಯಲು ಹೇಳಿದಳು. ಗುರುಸಿದ್ಧವ್ವನ ಮುಖ ಅರಳಿತು. ನೀಲಗಂಗಾ ಮಗ್ಗುಲಲ್ಲಿ ಫೋನು ಇಟ್ಟು ಆ ಸದ್ದನ್ನು ಪ್ರತಿದಿನ ಹಿಡಿದುಕೊಂಡಳು. ಮುಕ್ತಾಳ ಕಂಪ್ಯೂಟರು ಒಂದೊಂದು ಚಿತ್ರ ಬರೆಯಲು ಎಷ್ಟು ಹೊತ್ತು ತೆಗೆದುಕೊಂಡಿತು ಎಂಬ ದಾಖಲೆಯನ್ನೂ ತೆಗೆದಿಟ್ಟುಕೊಂಡಳು.

ಮುಂದಿನ ಭಾನುವಾರ ರಾಜ್ಯಮಟ್ಟದ ಪಂದ್ಯ, ಹುಬ್ಬಳ್ಳಿಯ ಒಂದು ಸಭಾಂಗಣದಲ್ಲಿ. ಅಲ್ಲಿನ ಯಂತ್ರಗಳಿಗೂ ಸೇದಿ ಕೊಡುವವನು ಗದಗದ ಪಾಳಿಗಾರನೇ. ಗುಡ್ಡದಿಂದ ಹಿಂದಿನ ದಿನವೇ ಬಂದಿದ್ದ ಬಸವಂತ ಮಗಳನ್ನು ಮುಂಜಾನೆ ರೈಲು ಹತ್ತಿಸಿ ಬಂದ. ಮನೆ ಖಾಲಿಯಾದಂತೆನಿಸಿ ನೀಲಗಂಗಾ ಮೇಜಿನ ಮುಂದೆ ಕುಳಿತು ಎರಡೂ ದಾಖಲೆಗಳನ್ನು ಗೆರೆಗಳಾಗಿಸಿ ಒಂದರ ಕೆಳಗೊಂದು ಇಟ್ಟಳು: ಮೇಲೆ ಆಟ, ಕೆಳಗೆ ರೊಟ್ಟಿ.

ಮೇಲಿನದು ಎಳೆದ ದಾರದಂತೆ ನೆಟ್ಟಗಿತ್ತು. ಕೆಳಗಿನದರಲ್ಲಿ ತೂತುಗಳು. ಒಂದು ವರ್ಷದ ಹಿಂದಿನ, ಪಾಳಿಗಾರ ಬರುವ ಮೊದಲಿನ ಆಟದ ದಾಖಲೆಯನ್ನೂ ಹುಡುಕಿ ತೆಗೆದಳು. ಮುಕ್ತಾ ಬಂಡೆಯಿಂದ ಬಂಡೆಗೆ ಜಿಗಿಯುವಲ್ಲಿ ಅಂದು ಆಟ ಹೇಗೆ ತೊದಲುತ್ತಿತ್ತೋ, ಅದೇ ಜಾಗದಲ್ಲಿ ಈಗ ರೊಟ್ಟಿ ತೊದಲುತ್ತಿತ್ತು. ತೊದಲು ಕಳೆದುಹೋಗಿರಲಿಲ್ಲ. ಕೋಣೆಯಿಂದ ಅಡುಗೆಮನೆಗೆ ದಾಟಿತ್ತು ಅಷ್ಟೆ.

ಆ ಆರು ನೂರು ಮನೆಗಳ ಹಳೆಯ ಧ್ವನಿಗಳನ್ನು ತೆರೆದಳು. ಅಂದು ಉತ್ತರವನ್ನಷ್ಟೇ ಕೇಳಿದ್ದಳು. ಇಂದು ಉತ್ತರದ ಹಿಂದಿನ ಸದ್ದು ಕೇಳಿದಳು. ಸುಮ್ನ ಕುಂತೇನ್ರಿ ಎಂದವಳ ಹಿಂದೆ ಮೊರದಲ್ಲಿ ಕಾಳು ಹಾರುವ ಸದ್ದು. ಏನಿಲ್ಲ, ಸುಮ್ನ ಎಂದವಳ ಹಿಂದೆ ತೊಟ್ಟಿಲ ಹಗ್ಗದ ಕಿರಕಿರ. ಇನ್ನೊಬ್ಬಳ ಹಿಂದೆ ಕುಕ್ಕರಿನ ಮೂರನೆಯ ಸೀಟಿ, ಅದರ ಹಿಂದೆ ಯಾರೋ ಮುದುಕರ ಕೆಮ್ಮು, ಬಂದೆ ಬಂದೆ ಎನ್ನುವ ಅವಳದೇ ದನಿ. ಒಬ್ಬ ಗಂಡಸು ಭಾಳ ಕೆಲಸದಾಗ ಅದೇನಿ ಎಂದಿದ್ದ. ಅವನ ಹಿಂದೆ ಇಸ್ಪೀಟು ಎಲೆ ಕಲಸುವ ಸದ್ದು.

ಹಾಲಿನ ಮೇಲೆ ಒಂದು ಕಣ್ಣು, ಕೂಸಿನ ಮೇಲೊಂದು, ಬಾಗಿಲ ಕಡೆ ಕಿವಿ. ಈ ಊರಿನ ಹೆಂಗಸರು ಅದನ್ನು ಕೆಲಸ ಎಂದು ಎಂದೂ ಕರೆದವರಲ್ಲ. ಸುಮ್ಮನೆ ಎಂದಿದ್ದರು, ಪಾಳಿಗಾರ ನಂಬಿದ್ದ. ಅದೂ ಅಲ್ಲದೆ ಅವನಿಗೆ ಬೇಕಾಗಿದ್ದ ಮನಸ್ಸು ಅದೇ ಆಗಿತ್ತು. ಮುಂದೇನು ಉಕ್ಕುತ್ತದೆ, ಯಾರು ಎಡವುತ್ತಾರೆ ಎಂದು ಸದಾ ಊಹಿಸುತ್ತ ಕುಳಿತ ಮನಸ್ಸು.

ಅತ್ತೆಯ ಪಟ್ಟಿಯ ಸಂಖ್ಯೆ ಹಾಕಿ ನೋಡಿದಳು. ಒಳ್ಳೆಯತನ: ಹತ್ತೊಂಬತ್ತು. ಊಹೆಯ ನಿಖರತೆ: ಜಿಲ್ಲೆಗೆ ಮೊದಲನೆಯದು. ಈಗಿನ ಸ್ಥಿತಿ: ಬಿಳಿ.

ನೀಲಗಂಗಾ ಪಡಸಾಲೆಗೆ ಓಡಿದಳು. ಗುರುಸಿದ್ಧವ್ವ ಕಂಬಕ್ಕೆ ಒರಗಿದ್ದಳು, ಕಣ್ಣು ತೆರೆದೇ ಇತ್ತು. ಬಾಯಿಗೆ ಎತ್ತಿದ್ದ ನೀರಿನ ತಂಬಿಗೆ ಎದೆಯ ಮೇಲೆ ಓರೆಯಾಗಿ ಸೀರೆ ತೊಯ್ದಿತ್ತು. ಹನ್ನೊಂದು ಗಂಟೆಗೆ ಹುಬ್ಬಳ್ಳಿಯಲ್ಲಿ ಮೊದಲ ಸುತ್ತು ಶುರುವಾಗಿತ್ತು. ನೀಲಗಂಗಾ ಪಟ್ಟಿಯನ್ನು ಕಿತ್ತು ತೆಗೆದಳು.

ಅತ್ತೆ ಬರಲಿಲ್ಲ.

ಒಂದು ನಿಮಿಷ ಕಳೆಯಿತು, ಎರಡು ಕಳೆದವು. ಬಸವಂತ ತಾಯಿಯ ನಾಡಿ ಹಿಡಿದು, ಇದೆ ಎಂದ. ಉಸಿರು ಇತ್ತು, ರೆಪ್ಪೆ ಮಾತ್ರ ಬಡಿಯುತ್ತಿರಲಿಲ್ಲ. ಆಗ ನೀಲಗಂಗಾಳಿಗೆ ತಾನು ಮಾಡಿದ್ದು ಅರ್ಥವಾಯಿತು. ಕಡ ಹೋದದ್ದು ಹೋದ ದಾರಿಯಲ್ಲೇ ಮರಳಬೇಕು. ಬಾವಿಗೆ ಇಳಿಬಿಟ್ಟ ಹಗ್ಗವನ್ನು ಮೇಲೆ ನಿಂತವಳು ಕತ್ತರಿಸಿದಂತಾಗಿತ್ತು. ಪಟ್ಟಿ ಮತ್ತೆ ಅಂಟಿಸಿದಳು. ಗುರುಸಿದ್ಧವ್ವ ಒಂದು ಸಲ ರೆಪ್ಪೆ ಬಡಿದಳು, ಒಂದು ಗುಟುಕು ನುಂಗಿದಳು, ಮತ್ತೆ ಹೋದಳು. ಪಾಳಿಯೇ ಬಾರದೆ ಕಾಯುತ್ತ ಉಳಿಯುವ ಕೆಲಸಕ್ಕೆ ಅವರ ಕಸುಬಿನಲ್ಲಿ ಉಪವಾಸ ಬಿದ್ದದ್ದು ಎನ್ನುತ್ತಾರೆ. ಹಾಗೆ ಬಿದ್ದ ಕೆಲಸ ಸ್ವಲ್ಪ ಹೊತ್ತಿನ ಮೇಲೆ ಸತ್ತುಹೋಗುತ್ತದೆ.

ತಾಯಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ರೆಪ್ಪೆಗೆ ನೀರು ಸವರುತ್ತಿರು ಎಂದು ಗಂಡನಿಗೆ ಹೇಳಿ, ನೀಲಗಂಗಾ ಸ್ಕೂಟರು ಹತ್ತಿದಳು.

ಕೋಣೆಯಲ್ಲಿ ಇಮಾಮಸಾಬರು ಒಬ್ಬರೇ ಇದ್ದರು. ಪರದೆ ಅಷ್ಟು ಬೆಳ್ಳಗೆ ಇದ್ದದ್ದನ್ನು ಅವಳು ಎಂದೂ ನೋಡಿರಲಿಲ್ಲ. ಅವಳು ಹೇಳಿದ್ದನ್ನು ಅವರು ನಡುವೆ ಬಾಯಿ ಹಾಕದೆ ಕೇಳಿದರು, ಎರಡೂ ಗೆರೆಗಳನ್ನು ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡರು. ಸುಮ್ಮನೆ ಎಂಬ ಒಂದು ಸಾಲನ್ನು ಖಾಲಿಯ ಲೆಕ್ಕದಿಂದ ತೆಗೆದು ಕೆಲಸದ ಲೆಕ್ಕಕ್ಕೆ ಹಾಕಿದರೆ ಸಾಕು. ಆದರೆ ಅದಕ್ಕೆ ಇಬ್ಬರ ಕೀಲಿಪದ ಬೇಕು.

"ಸಂಜಿ ಆರಕ್ಕ ಮುಗೀತೈತಿ ತಂಗಿ," ಎಂದರು ಕೊನೆಗೆ. "ನಡುವ ತಗದ್ರ ಅಲ್ಲಿ ಎಲ್ಲಾ ಯಂತ್ರಾನೂ ಒಮ್ಮೆಲೆ ತೊದಲತಾವ. ನಿನ್ನ ಮಗಳೂ ಅಲ್ಲೇ ಅದಾಳ. ಆರ ತಾಸು ತಡಿ."

ಮುಕ್ತಾ ಒಂದು ವರ್ಷ ಈ ದಿನಕ್ಕಾಗಿ ಹೇಗೆ ದುಡಿದಿದ್ದಳು ಎಂಬುದು ನೀಲಗಂಗಾಳಿಗೆ ಗೊತ್ತಿತ್ತು. ಬೆರಳ ಗಂಟುಗಳಿಗೆ ಎಣ್ಣೆ ತಿಕ್ಕಿದವಳು ಅವಳೇ. ಅವಳು ಇಮಾಮಸಾಬರೊಡನೆ ವಾದ ಹೂಡಲಿಲ್ಲ.

"ಅಣ್ಣಾರ, ವೈನಿಗೆ ಒಂದ ಫೋನ್ ಹಚ್ರಿ."

ಅವರು ಅವಳ ಮುಖ ನೋಡಿದರು. ಫೋನು ತೆಗೆದು ಹೆಂಡತಿಗೆ ಹಚ್ಚಿದರು. ಗಂಟೆ ಬಾರಿಸುತ್ತ ಹೋಯಿತು. ಖೈರುನ್ನೀಸಾ ಈ ಹೊತ್ತಿಗೆ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕಟ್ಟೆಯ ಮೇಲೆ ಕುಳಿತಿರುತ್ತಾಳೆ, ಫೋನು ಕೈಯಳತೆಯಲ್ಲೇ ಇರುತ್ತದೆ ಎಂದು ಅವರು ಹಿಂದೆ ಎಷ್ಟೋ ಸಲ ಹೇಳಿದ್ದರು. ಎರಡನೆಯ ಸಲ ಹಚ್ಚಿದರು. ಗಂಟೆ ಬಾರಿಸಿ ಬಾರಿಸಿ ನಿಂತಿತು. ಮೂರನೆಯ ಸಲ ಯಾರೋ ಎತ್ತಿದರು. ಮಾತಿಲ್ಲ, ಪುಟ್ಟ ಮಗುವಿನ ಉಸಿರು ಮಾತ್ರ ಕೇಳುತ್ತಿತ್ತು. ದಾದಿ ಎಲ್ಲಿ, ಅಜ್ಜಿ ಎಲ್ಲಿ ಎಂದು ಇಮಾಮಸಾಬರು ಕೇಳಿದರು. ಇಲ್ಲೇ ಇದ್ದಾಳೆ ಎಂದಿತು ಮಗು. ನೋಡುತ್ತಿದ್ದಾಳೆ ಎಂದಿತು.

ಇಮಾಮಸಾಬರು ಫೋನು ಮೇಜಿನ ಮೇಲಿಟ್ಟು ತಮ್ಮ ಕೀಲಿಪದ ಒತ್ತಿದರು. ನೀಲಗಂಗಾ ತನ್ನದನ್ನು ಒತ್ತಿದಳು.

ಮೊದಲು ಗದಗ ಹಸಿರಾಯಿತು, ಆಮೇಲೆ ಮುಂಡರಗಿ, ರೋಣ, ನರಗುಂದ. ಬೆಳೆ ಎದ್ದಂತೆ ಪರದೆಯ ತುಂಬ ಹಸಿರು ಏರುತ್ತ ಹೋಯಿತು. ಕೊನೆಗೆ ಬಿಳಿಯಾಗಿ ಉಳಿದವು ಬೆರಳೆಣಿಕೆಯ ಚುಕ್ಕೆಗಳು. ಅವರು ಇಸ್ಪೀಟು ಆಡುವವರೂ ಇದ್ದಿರಬಹುದು, ನಿಜವಾಗಿ ನಿದ್ದೆ ಹೋದವರೂ ಇದ್ದಿರಬಹುದು. ಮೇಜಿನ ಮೇಲಿನ ಫೋನಿನಲ್ಲಿ ಹೆಂಗಸೊಬ್ಬಳ ದನಿ ಹಲೋ ಹಲೋ ಎನ್ನುತ್ತಿತ್ತು.

ಹುಬ್ಬಳ್ಳಿಯ ಸಭಾಂಗಣದಲ್ಲಿ ಆ ಹೊತ್ತಿಗೆ ಮುಕ್ತಾ ಗವಿಯ ಅತಿ ಅಗಲದ ಕಂದಕದ ಮೇಲೆ ಗಾಳಿಯಲ್ಲಿದ್ದಳು. ಚಿತ್ರ ಒಂದು ಸಲ ತೊದಲಿತು. ಅವಳ ಕೈ ಬಂಡೆಯ ಅಂಚನ್ನು ಮುಟ್ಟಬೇಕಾದ ಚಿತ್ರ ಬರಲೇ ಇಲ್ಲ. ಅವಳು ಬಿದ್ದಳು, ತಂಡ ಸೋತಿತು. ಆಮೇಲೆ ಎಲ್ಲ ತಂಡಗಳೂ ಬಿದ್ದವು, ಆದರೆ ಮೊದಲು ಬಿದ್ದವಳು ಅವಳು.

ನೀಲಗಂಗಾ ಮನೆಗೆ ಬಂದಾಗ ಗುರುಸಿದ್ಧವ್ವ ಬಾಗಿಲಲ್ಲೇ ನಿಂತಿದ್ದಳು. ಸೀರೆ ಬದಲಿಸಿಕೊಂಡು, ತಲೆ ಬಾಚಿಕೊಂಡು ನೆಟ್ಟಗೆ ನಿಂತಿದ್ದಳು. ಕಿವಿಯ ಹಿಂದೆ ಪಟ್ಟಿ ಇರಲಿಲ್ಲ. ಬಸವಂತ ಪಡಸಾಲೆಯಲ್ಲಿ ಕುಳಿತು ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಹುಬ್ಬಳ್ಳಿಯ ವಿಳಾಸದ ಚೀಟಿಯನ್ನು ಅವನು ಚೂರು ಚೂರು ಮಾಡಿದ್ದ.

ಆ ದಿನದಿಂದ ಅತ್ತೆಯ ಕೈ ಮತ್ತೆ ನಿಲ್ಲಲಿಲ್ಲ. ಹಾಲು ಉಕ್ಕಲಿಲ್ಲ, ರೊಟ್ಟಿ ಹೊತ್ತಲಿಲ್ಲ. ಡಾಕ್ಟರು ಮರೆವಿನ ಮಾತನ್ನು ವಾಪಸು ತೆಗೆದುಕೊಂಡರು. ಆದರೆ ಮನೆಯಲ್ಲಿ ಬೇರೊಂದು ಸಣ್ಣ ತಪ್ಪು ಇತ್ತು. ಅದೇನೆಂದು ಹಿಡಿಯಲು ನೀಲಗಂಗಾಳಿಗೆ ಕೆಲವು ದಿನ ಬೇಕಾದವು. ಬಸವಂತ ನಗೆಮಾತು ಮುಗಿಸುವ ಮೊದಲೇ ಅತ್ತೆ ನಗುತ್ತಿದ್ದಳು. ಮುಕ್ತಾ ಕೇಳುವ ಮೊದಲೇ ಉಪ್ಪಿನಕಾಯಿ ಅವಳ ತಟ್ಟೆಯಲ್ಲಿರುತ್ತಿತ್ತು. ಬೆಕ್ಕು ಹಾರುವ ಮೊದಲೇ ಗದರಿಸುತ್ತಿದ್ದಳು. ಮಾತಿಗೆ ಉತ್ತರ ಕೊಡುವಾಗ ಎದುರಿನವರ ಮುಖ ನೋಡುತ್ತಿರಲಿಲ್ಲ, ಅವರ ಮುಖ ಇನ್ನೊಂದು ಗಳಿಗೆಗೆ ಎಲ್ಲಿರುತ್ತದೋ ಅಲ್ಲಿ ನೋಡುತ್ತಿದ್ದಳು. ಒಂದು ವರ್ಷ ಪೂರ್ತಿ ಮುಂದಿನ ಗಳಿಗೆಯ ಚಾಕರಿ ಮಾಡಿದ ಮನಸ್ಸು ಈಗಿನದಕ್ಕೆ ಪೂರ್ತಿ ಮರಳಿರಲಿಲ್ಲ. ಮನೆಯವರೆಲ್ಲರೂ ಅವಳಿಗಿಂತ ಎರಡು ಉಸಿರು ಹಿಂದೆ ಉಳಿದಿದ್ದರು.

ಸೋತು ಬಂದ ಮುಕ್ತಾ ಎರಡು ದಿನ ತಾಯಿಯೊಡನೆ ಮಾತು ಬಿಟ್ಟಿದ್ದಳು. ಮೂರನೆಯ ದಿನ ನೀಲಗಂಗಾ ಎರಡೂ ಗೆರೆಗಳನ್ನು ಅವಳ ಮುಂದಿಟ್ಟಳು. ಹುಡುಗಿ ಬಹಳ ಹೊತ್ತು ನೋಡಿದಳು.

"ಬೀಳೂ ಮುಂದ ಯಾರೋ ನನ್ನ ಕೈ ಬಿಟ್ಟಂಗ ಆಗಿತ್ತವ್ವಾ," ಎಂದಳು. "ಅಲ್ಲೀತನಕ ಯಾರೋ ಹಿಡಕೊಂಡಿದ್ರು ಅಂತ ನಂಗ ಗೊತ್ತ ಇರಲಿಲ್ಲ."

ಎದ್ದು ಹೋಗಿ ಅಜ್ಜಿಯ ಮಗ್ಗುಲಲ್ಲಿ ಕುಳಿತಳು. ಗುರುಸಿದ್ಧವ್ವ ಅಷ್ಟರೊಳಗೆ ಅವಳಿಗಾಗಿ ಜಾಗ ಬಿಟ್ಟು ಸರಿದಿದ್ದಳು.

ನೀಲಗಂಗಾಳ ಎದೆಯಲ್ಲಿ ಒಂದು ಮಾತು ಇತ್ತು. ಆ ಪದ ಆರಿಸಿದವಳು ನಾನು, ನಿಮ್ಮನ್ನು ಒಲೆಯ ಮುಂದಿನಿಂದ ಎಬ್ಬಿಸಿದವಳು ನಾನು, ನೀವು ನಿಮ್ಮನ್ನೇ ಹುಚ್ಚಿ ಎಂದುಕೊಳ್ಳುವಂತೆ ಮಾಡಿದವಳು ನಾನು ಎಂದು ಹೇಳಬೇಕಿತ್ತು. ಮಗಳು ಕಾಲೇಜಿಗೆ ಹೋದ ಒಂದು ಮಧ್ಯಾಹ್ನ, ಕೆಲಸ ಎಲ್ಲ ಮುಗಿಸಿ ಕೈ ಒರೆಸಿಕೊಂಡು ಬಂದಳು. ಗುರುಸಿದ್ಧವ್ವ ಹತ್ತಿಯ ಬತ್ತಿ ಹೊಸೆಯುತ್ತಿದ್ದಳು. ನೀಲಗಂಗಾ ಎದುರಿಗೆ ಕುಳಿತು ಬಾಯಿ ತೆರೆಯುವಷ್ಟರಲ್ಲಿ, ಅತ್ತೆ ಅವಳ ಕೆನ್ನೆಯ ಮೇಲೆ ಇನ್ನೂ ಇಳಿಯದ ಕಣ್ಣೀರನ್ನು ಸೆರಗಿನಿಂದ ಒರೆಸಿದಳು.

"ಇರ್ಲಿ ಬಿಡವ್ವಾ," ಎಂದಳು. "ನೀ ಬೇಕಂತ ಮಾಡಿಲ್ಲ."

ಎಂದವಳೇ ಮತ್ತೆ ಬತ್ತಿಗೆ ಕೈ ಹಾಕಿದಳು. ಅವಳಿಗೆ ಆ ಮಾತು ಮುಗಿದು ಹೋಗಿತ್ತು. ಕಣ್ಣೀರು ಇಳಿದದ್ದು ಆಮೇಲೆ, ಸೆರಗು ಹಿಂದಕ್ಕೆ ಹೋದ ಮೇಲೆ. ನೀಲಗಂಗಾ ತನ್ನ ಮಾತನ್ನು ಆದರೂ ಹೇಳಿದಳು; ಮೊದಲಿನಿಂದ ಕೊನೆಯವರೆಗೆ, ಒಂದನ್ನೂ ಬಿಡದೆ ಹೇಳಿದಳು. ಗುರುಸಿದ್ಧವ್ವ ಕೇಳುತ್ತಿದ್ದಳೋ ಇಲ್ಲವೋ ತಿಳಿಯಲಿಲ್ಲ. ಅವಳು ತಲೆ ಎತ್ತಿ ಖಾಲಿ ಬಾಗಿಲಿನತ್ತ ನೋಡಿ ನಗುತ್ತಿದ್ದಳು, ಯಾಕ ಇಷ್ಟ ಲಗೂನ ಬಂದಿ ಎನ್ನುತ್ತಿದ್ದಳು. ಅಂಗಳದಲ್ಲಿ ಇನ್ನೂ ಯಾರ ಹೆಜ್ಜೆಯೂ ಕೇಳಿಸಿರಲಿಲ್ಲ.